ಮಧ್ಯಾಹ್ನಕ್ಕೆ ಅರಳುವ ಸಮಾಧಿಗಳು

ಕಾಮೀಸ್ ಬೆಟ್ಟದ ಬೆನ್ನು ಈಗಷ್ಟೇ ಕೆಂಪಾಗುತ್ತಿದೆ. ರೂಯ್‌ಕ್ಲಿಪ್ ಊರಿನಾಚೆಯ ಸ್ಮಶಾನದಲ್ಲಿ ದ್ರೀಕಾ ಓಬೀಸ್ ಮಂಡಿಯೂರಿ ಕೂತು, ಮೂತಿ ಸೊಟ್ಟಗಾದ ಕೆಟಲ್ಲಿನಿಂದ ಒಂದು ಮಣ್ಣಿನ ದಿಬ್ಬಕ್ಕೆ ನೀರು ಕೊಡುತ್ತಿದ್ದಾರೆ. ಸುರಿಯುವುದಿಲ್ಲ, ಒಂದೊಂದೇ ಗಿಡದ ಬುಡ ಹುಡುಕಿ ಹನಿಸುತ್ತಾರೆ. ಮೈಮೇಲೆ ಗಂಡನ ಹಳೆಯ ಕೋಟು, ತಲೆಗೆ ಬಿಗಿದು ಕಟ್ಟಿದ ವಸ್ತ್ರ. ಸಮುದ್ರದ ಕಡೆಯಿಂದ ಬಂದ ಮಂಜು ಬೇಲಿಯ ತಂತಿಗಳಲ್ಲಿ ಹನಿಗಟ್ಟಿದೆ. ಆ ತಂತಿಯನ್ನು ತಟ್ಟಿ ಹನಿ ಉದುರಿಸುವುದೂ ಅವರ ದಿನದ ಕೆಲಸಗಳಲ್ಲೊಂದು.

ಈ ಹೊತ್ತಿನಲ್ಲಿ ಇಲ್ಲಿ ನೋಡಲು ಏನೂ ಇಲ್ಲ. ದಿಬ್ಬಗಳ ಮೇಲೆಲ್ಲ ಫೇಖಿ ಹಬ್ಬಿದೆ. ಅಂಗೈ ಎತ್ತರಕ್ಕೂ ಏಳದೆ ಚಾಪೆಯಂತೆ ನೆಲಕ್ಕೆ ಅಂಟಿಕೊಂಡು ಹೋಗುವ ಗಿಡ ಅದು. ಮಗುವಿನ ಬೆರಳಿನಂಥ ದಪ್ಪ ಎಲೆ, ಎಲೆಯ ತುಂಬ ನೀರು. ಸೆಪ್ಟೆಂಬರ್ ಇಲ್ಲಿ ವಸಂತ, ಆದ್ದರಿಂದ ಮೊಗ್ಗುಗಳೇನೋ ಕಿಕ್ಕಿರಿದಿವೆ, ಆದರೆ ಎಲ್ಲವೂ ಬಾಯಿ ಮುಚ್ಚಿಕೊಂಡಿವೆ. ಯಾವ ಸಮಾಧಿ ಯಾವುದೆಂದು ಹೇಳಲು ಬಾರದಂತೆ ಸ್ಮಶಾನವಿಡೀ ಒಂದೇ ಬೂದು ಹಸಿರು.

“ಸೋಮಾರಿ ಹೂ ಇದು. ಬೆಳಿಗ್ಗೆ ಎಬ್ಬಿಸಿದ್ರೆ ಏಳಲ್ಲ. ಬಿಸಿಲು ನೆತ್ತಿಗೆ ಬರ್ಬೇಕು, ಬೆನ್ನು ಕಾಯ್ಬೇಕು, ಆಮೇಲೇ ಕಣ್ಣು ಬಿಡೋದು. ನಮ್ಮನೆಯೋನ ಥರಾನೇ” ಎನ್ನುತ್ತಾರೆ ದ್ರೀಕಾ. ಮನೆಯವನು, ಅಂದರೆ ಗಂಡ ದಾವೀ, ಬೇಲಿಯಾಚೆ ಕತ್ತೆ ಗಾಡಿಯ ಮೇಲೆ ಕಂಬಳಿ ಹೊದ್ದು ಕೂತಿದ್ದಾರೆ. ಮಾತು ಕಿವಿಗೆ ಬಿದ್ದರೂ ಬೀಳದವರ ಹಾಗೆ ಪೈಪಿಗೆ ಹೊಗೆಸೊಪ್ಪು ತುಂಬುತ್ತಾರೆ.

ತಮಾಷೆ ಮಾಡಿದರೂ ದ್ರೀಕಾರ ಮುಖ ಇವತ್ತು ಸಪ್ಪಗಿದೆ. ಮಧ್ಯಾಹ್ನ ಒಬ್ಬ ಮುದುಕರು ಇಲ್ಲಿಗೆ ಬರುವವರಿದ್ದಾರೆ. ತಮ್ಮ ಹೆಂಡತಿ ಮಲಗಿರುವುದು ಇಲ್ಲಿನ ಅಕ್ಕಪಕ್ಕದ ಎರಡು ದಿಬ್ಬಗಳಲ್ಲಿ ಯಾವುದರ ಕೆಳಗೆ ಎಂದು ತಿಳಿಯಲು ಅವರು ಎರಡು ವರ್ಷದಿಂದ ಕಾಯುತ್ತಿದ್ದಾರೆ. ಅವರಿಗೆ ಕೊಡಲು ದ್ರೀಕಾರ ಬಳಿ ಉತ್ತರವಿಲ್ಲ.

ರೂಯ್‌ಕ್ಲಿಪ್‌ನಲ್ಲಿ ಸಮಾಧಿಗಳ ಮೇಲೆ ಹೆಸರು ಬರೆಯುವ ರೂಢಿ ಇಲ್ಲ. ಕಲ್ಲು ಕೆತ್ತುವವರು ಇರುವುದು ದೂರದ ಸ್ಪ್ರಿಂಗ್‌ಬಾಕ್ ಪಟ್ಟಣದಲ್ಲಿ. ಮರದ ಶಿಲುಬೆ ನೆಟ್ಟರೆ ಅದು ಗೆದ್ದಲಿನ ಪಾಲು. ಹಾಗಾಗಿ ಇಲ್ಲಿ ಹೆಸರಿನ ಕೆಲಸವನ್ನು ಹೂವು ಮಾಡುತ್ತದೆ. ಒಂದೊಂದು ಮನೆತನಕ್ಕೆ ಒಂದೊಂದು ಬಣ್ಣದ ಫೇಖಿ. ಓಬೀಸರದ್ದು ಇಟ್ಟಿಗೆ ಕೆಂಪು, ಕ್ಲಾಸೆಗಳದ್ದು ಹಳದಿ. ಹೆಣ್ಣುಮಗಳು ಮದುವೆಯಾಗಿ ಹೋಗುವಾಗ ತಾಯಿಯ ಅಂಗಳದಿಂದ ಒಂದು ಕಡ್ಡಿ ಮುರಿದುಕೊಂಡು ಹೋಗಿ ಗಂಡನ ಮನೆಯ ಬಾಗಿಲ ಮುಂದೆ ನೆಡುತ್ತಾಳೆ. ಅವಳು ತೀರಿಕೊಂಡ ದಿನ ಆ ಬಾಗಿಲ ಮುಂದಿನ ಮಣ್ಣನ್ನೇ ಒಂದು ಬೇಸನ್ ತುಂಬ ಅಗೆದು, ಮೇಲೊಂದಿಷ್ಟು ಕಡ್ಡಿ ಇಟ್ಟು, ಸಮಾಧಿಗೆ ಹಾಕುತ್ತಾರೆ. ದಿನಾ ಗುಡಿಸಿದ ಜಾಗ, ದಿನಾ ಪಾತ್ರೆ ತೊಳೆದ ನೀರು ಚೆಲ್ಲಿದ ಜಾಗ ಅವಳ ಜೊತೆಗೇ ಇರಲಿ ಎಂದು ಹಿರಿಯರು ಮಾಡಿದ್ದು.

ಬಿಸಿಲೇರಿದ ಮೇಲೆ ಬಂದು ನೋಡಿದರೆ ಇಡೀ ಊರೇ ಇಲ್ಲಿ ಕೂತಿರುತ್ತದೆ. ಇವಳು ಅವರ ಮನೆಯ ಹುಡುಗಿ, ಇವರು ಅಣ್ಣತಮ್ಮಂದಿರು, ಈ ಒಂಟಿ ಗುಲಾಬಿ ಬಣ್ಣದವಳು ದೂರದ ನದಿಯ ಕಡೆಯಿಂದ ಬಂದ ಸೊಸೆ. ಮೋಡ ಮುಚ್ಚಿದ ದಿನ ಯಾರೂ ಸಿಗುವುದಿಲ್ಲ. ಊರಿನವರು ಸ್ಮಶಾನಕ್ಕೆ ಹೋಗುವ ಮುಂಚೆ ಆಕಾಶ ನೋಡುವುದು ಇದಕ್ಕೇ.

ದ್ರೀಕಾ ಹುಟ್ಟಿದ್ದು ಕುರಿಗಾಹಿಯ ಮನೆಯಲ್ಲಿ. ಮನೆ ಎಂದರೆ ಬಗ್ಗಿಸಿ ಕಟ್ಟಿದ ಕೊಂಬೆಗಳ ಮೇಲೆ ಜೊಂಡಿನ ಚಾಪೆ ಹೊದಿಸಿದ ಗುಡಿಸಲು. ಮೇವು ಮುಗಿದಾಗ ಚಾಪೆ ಸುತ್ತಿ ಕತ್ತೆಯ ಮೇಲೆ ಹೇರಿ ಮುಂದಿನ ಜಾಗಕ್ಕೆ. ಆ ಗುಡಿಸಲಿನ ಒಳಗೆ ಮಲಗಿ ಮಳೆ ಕೇಳಿದ ನೆನಪು ಹೇಳುವಾಗ ಅವರ ದನಿಯೇ ಬೇರೆಯಾಗುತ್ತದೆ. ಮೊದಲ ನಾಲ್ಕು ಹನಿ ಒಳಗೆ ಬೀಳುತ್ತಿತ್ತಂತೆ. ಆಮೇಲೆ ಜೊಂಡು ನೀರು ಕುಡಿದು ಊದಿ, ಚಾಪೆಯ ಸಂದುಗಳೆಲ್ಲ ಮುಚ್ಚಿಕೊಂಡು ಒಂದು ಹನಿಯೂ ಒಳಗೆ ಬರುತ್ತಿರಲಿಲ್ಲ. ಈಗಿನ ತಗಡಿನ ಮನೆಯಲ್ಲಿ ಮಳೆ ಬಂದರೆ ಮಾತೇ ಕೇಳಿಸುವುದಿಲ್ಲ ಎಂಬುದು ಅವರ ದೂರು.

“ಅಮ್ಮನ ಹತ್ರ ಒಂದು ಬೆಲ್ಲದ ಪಾಕದ ಡಬ್ಬ ಇತ್ತು. ಅದರಲ್ಲಿ ಫೇಖಿ. ಜಾಗ ಬದಲಾಯ್ಸಿದಾಗೆಲ್ಲ ಅಪ್ಪ ಕುರಿ ಎಣಿಸ್ತಿದ್ದ, ಅಮ್ಮ ಡಬ್ಬ ಹುಡುಕ್ತಿದ್ಲು. ಒಂದ್ಸಲ ಡಬ್ಬ ಹಿಂದಿನ ಜಾಗದಲ್ಲೇ ಮರೆತುಹೋಯ್ತು. ಅಮ್ಮ ಅಡುಗೆ ಮಾಡ್ಲಿಲ್ಲ. ಅಪ್ಪ ವಾಪಸ್ ಹೋಗಿ ತಂದ, ದಾರಿಯುದ್ದಕ್ಕೂ ಬಯ್ಕೊಂಡು. ಬಾಗಿಲ ಮುಂದೆ ಗಿಡ ಇಟ್ಮೇಲೇನೇ ಅದು ಮನೆ ಅನ್ನಿಸ್ತಿದ್ದಿದ್ದು” ಎಂದು ನೆನೆಯುತ್ತಾರೆ. ಗುಡಿಸಲು ಹೋಯಿತು, ಕುರಿ ಹೋದವು, ಅಪ್ಪ ಅಮ್ಮನೂ ಹೋದರು. ಆ ಡಬ್ಬದ ಗಿಡದ ಸಂತಾನ ಮಾತ್ರ ಇವತ್ತಿಗೂ ದ್ರೀಕಾರ ಬಾಗಿಲಲ್ಲಿದೆ.

ಹದಿನೇಳಕ್ಕೆ ಅವರು ಪೋರ್ಟ್ ನಾಲಾತ್ ಬಂದರಿನ ಮೀನು ಕಾರ್ಖಾನೆಗೆ ದುಡಿಯಲು ಹೋದರು. ಆ ಕಾಲದ ರೂಯ್‌ಕ್ಲಿಪ್‌ನಲ್ಲಿ ವರ್ಷವಿಡೀ ಇರುತ್ತಿದ್ದವರು ಹೆಂಗಸರು, ಮಕ್ಕಳು, ಮುದುಕರು. ಗಂಡಸರೆಲ್ಲ ಕರಾವಳಿಯ ವಜ್ರದ ಗಣಿಯಲ್ಲಿ. ಡಿಸೆಂಬರ್ ಬಂತೆಂದರೆ ಲಾರಿಗಳು ಅವರನ್ನು ತಂದು ಇಳಿಸುತ್ತಿದ್ದವು. ಒಂದು ತಿಂಗಳು ಊರಿನಲ್ಲಿ ಅಕಾರ್ಡಿಯನ್, ಕುಣಿತ, ಸುಟ್ಟ ಮಾಂಸದ ಘಮ, ಎರಡು ಮದುವೆ, ನಾಲ್ಕು ಜಗಳ. ಜನವರಿಯಲ್ಲಿ ಲಾರಿ ಮತ್ತೆ ಬಂದರೆ ಊರು ಮೊದಲಿನಂತೆ ಹೆಂಗಸರದ್ದು. ಆ ಹೆಂಗಸರು ಬೆಳಿಗ್ಗೆ ಬಾಗಿಲು ಗುಡಿಸುತ್ತ, ಒಬ್ಬರ ಅಂಗಳದಿಂದ ಇನ್ನೊಬ್ಬರ ಅಂಗಳಕ್ಕೆ ಕೂಗಿ ಮಾತಾಡುತ್ತ, ತೊಳೆದ ನೀರನ್ನು ಗಿಡಕ್ಕೆ ಚೆಲ್ಲುತ್ತಿದ್ದ ಸದ್ದು ಈಗಲೂ ಕಿವಿಯಲ್ಲಿದೆ ಎನ್ನುತ್ತಾರೆ ದ್ರೀಕಾ. ಗಣಿಯೂ ಸೊರಗಿತು, ಕಾರ್ಖಾನೆಯೂ ಮುಚ್ಚಿತು. ಮಧ್ಯವಯಸ್ಸಿನಲ್ಲಿ ಅವರು ಊರಿಗೆ ಮರಳಿದಾಗ ಸ್ಮಶಾನ ನೋಡಿಕೊಳ್ಳುತ್ತಿದ್ದ ಮುದುಕಿಯ ಕಣ್ಣು ಮಂಜಾಗಿತ್ತು. ಬಣ್ಣ ಕಾಣದವಳು ಮಾಡುವ ಕೆಲಸವಲ್ಲ ಇದು ಎಂದು ಆಕೆ ಕೆಟಲ್ಲನ್ನು ದ್ರೀಕಾರ ಕೈಗಿಟ್ಟರು. ಚರ್ಚಿನವರು ಕ್ರಿಸ್‌ಮಸ್‌ಗೆ ಕೊಡುವ ಒಂದು ಚೀಲ ಹಿಟ್ಟು ಮತ್ತು ಸಕ್ಕರೆ ಬಿಟ್ಟರೆ ಇದಕ್ಕೆ ಸಂಬಳವಿಲ್ಲ.

ಕೆಲಸವೇನೂ ಸಣ್ಣದಲ್ಲ. ಗಾಳಿಯಂತ್ರ ನೀರೆತ್ತುವ ತೊಟ್ಟಿಯಿಂದ ಸ್ಮಶಾನಕ್ಕೆ ಮುಂಜಾನೆ ನಾಲ್ಕಾರು ಸಲ ನೀರು ಹೊರಬೇಕು. ಇಲ್ಲಿನ ಗಾಳಿ ದಿಬ್ಬಗಳ ಮಣ್ಣನ್ನು ಹೊತ್ತುಕೊಂಡು ಹೋಗುವಂಥದ್ದು, ಫೇಖಿ ಹಬ್ಬಿದ್ದರೆ ಮಾತ್ರ ದಿಬ್ಬ ನಿಲ್ಲುತ್ತದೆ. ಹೂವಿನ ಕಾಲ ಮುಗಿದ ಮೇಲೆ ಕಡ್ಡಿ ಮುರಿಯಬೇಕು. ಮುರಿದ ಕೂಡಲೇ ನೆಟ್ಟರೆ ಕೊಳೆಯುತ್ತದೆ, ಗಾಯ ಒಣಗುವ ತನಕ ನೆರಳಲ್ಲಿ ಮಲಗಿಸಬೇಕು. ಮೊದಲ ಮಳೆಯ ವಾಸನೆ ಬರುವ ಹೊತ್ತಿಗೆ ನೆಟ್ಟಿರಬೇಕು. ಇದರ ಜೊತೆಗೆ ಮುಳ್ಳುಹಂದಿ ಮತ್ತು ಆಮೆಗಳ ಕಾಟ. ಆಮೆಗೆ ಫೇಖಿ ಎಂದರೆ ಪ್ರಾಣ. ಹಿಡಿದು ಗುಡ್ಡದಾಚೆ ಬಿಟ್ಟು ಬಂದರೂ ವಾರದಲ್ಲಿ ಹಾಜರು. ಒಂದು ದೊಡ್ಡ ಆಮೆಗೆ ದ್ರೀಕಾ ಚರ್ಚಿನ ಹಿರಿಯ ಯೋಸೆಫರ ಹೆಸರನ್ನೇ ಇಟ್ಟಿದ್ದಾರೆ. ಕತ್ತು ಚಾಚಿ ನೋಡುವುದು ಥೇಟ್ ಅವರ ಹಾಗೆ ಎಂಬುದು ಕಾರಣ. ಯೋಸೆಫರಿಗೂ ಇದು ಗೊತ್ತಿದೆ.

“ನನ್ನ ಹೆಂಡ್ತಿಗೆ ಬದುಕಿರೋರಿಗಿಂತ ಸತ್ತೋರ ಮೇಲೇ ಪ್ರೀತಿ. ನಂಗೂ ಒಂದು ದಿನ ನೀರು ಹಾಕ್ತಾಳೆ, ಕಾಯ್ತಾ ಇದ್ದೀನಿ” ಎಂದು ಗಾಡಿಯ ಮೇಲಿಂದ ದಾವೀ ಹೇಳುತ್ತಾರೆ.

“ನೀನು ಸಾಯೋಕೂ ಸೋಮಾರಿ. ನನ್ನನ್ನೇ ಮೊದಲು ಕಳಿಸ್ತೀಯ” ಎಂದು ದ್ರೀಕಾ ತಲೆಯೆತ್ತದೆ ಉತ್ತರಿಸುತ್ತಾರೆ.

ಇಲ್ಲಿ ಮಳೆ ಬರುವುದು ಚಳಿಗಾಲದಲ್ಲಿ. ಕೆಲವು ವರ್ಷಗಳ ಹಿಂದೆ ಮಳೆ ಬಾರದ ಚಳಿಗಾಲಗಳು ಒಂದರ ಹಿಂದೊಂದು ಬಂದವು. ಫೇಖಿ ಅದನ್ನೂ ತಡೆದುಕೊಂಡಿತು. ಎಲೆ ಸುಕ್ಕಿಸಿಕೊಂಡು, ಕಡ್ಡಿಯಾಗಿ, ಬದುಕಿತ್ತು. ಆದರೆ ಯಾರದ್ದೋ ಮಣ್ಣು ಮಾಡಿ ಬಂದವರು ಗೇಟು ಹಾಕುವುದನ್ನು ಮರೆತರು. ಹಸಿದ ಆಡಿನ ಹಿಂಡು ಒಳಗೆ ನುಗ್ಗಿ, ಬೆಳಗಾಗುವಷ್ಟರಲ್ಲಿ ಸ್ಮಶಾನವನ್ನು ಬೇರಿನ ತನಕ ಮೇದಿತ್ತು. ಗೇಟು ಮರೆತವರು ಯಾರೆಂದು ಇವತ್ತಿನ ತನಕ ಯಾರೂ ಒಪ್ಪಿಕೊಂಡಿಲ್ಲ. ಅವತ್ತು ದ್ರೀಕಾ ಕೆಟಲ್ಲು ಕೆಳಗಿಟ್ಟು ನೆಲದ ಮೇಲೆ ಕೂತು ಅತ್ತುಬಿಟ್ಟರು. “ಒಂದೇ ದಿನ ಊರೋರೆಲ್ಲ ಇನ್ನೊಂದ್ಸಲ ಸತ್ತಂಗಾಯ್ತು” ಎನ್ನುತ್ತಾರೆ.

ಅತ್ತು ಮುಗಿದ ಮೇಲೆ ಮನೆಮನೆಗೂ ಹೋದರು. ಯಾರ ಅಂಗಳದಲ್ಲಿ ಯಾವ ಬಣ್ಣ ಉಳಿದಿದೆಯೋ ಅದರ ಕಡ್ಡಿ ಬೇಡಿದರು. ಯಾವ ದಿಬ್ಬ ಯಾರದ್ದೆಂದು ಅವರಿಗೆ ಬಹುಪಾಲು ನೆನಪಿತ್ತು, ನೆನಪಿರದ ಕಡೆ ಮಕ್ಕಳು ಮೊಮ್ಮಕ್ಕಳು ಬಂದು ತೋರಿಸಿದರು. ಹಾಗೆ ಸ್ಮಶಾನ ಒಂದೊಂದೇ ಸಾಲು ತುಂಬಿತು. ಉಳಿದದ್ದು ಬೆಟ್ಟದ ಕಡೆಗೊಂದು, ಸಮುದ್ರದ ಕಡೆಗೊಂದು ಅಕ್ಕಪಕ್ಕದಲ್ಲಿದ್ದ ಎರಡೇ ದಿಬ್ಬ. ಒಂದು ಮೀಟಾ ಲಿಂಕ್ಸ್ ಅವರದ್ದು, ಇನ್ನೊಂದು ಸಾನಾ ಬ್ರಾಂಡ್ ಅವರದ್ದು. ಮೂವತ್ತು ವರ್ಷದ ಹಿಂದಿನ ಒಂದು ಚಳಿಗಾಲದಲ್ಲಿ, ಒಂದೇ ಜ್ವರಕ್ಕೆ, ಒಂದೇ ವಾರದಲ್ಲಿ ಹೋದ ನೆರೆಹೊರೆಯವರು. ಮೀಟಾರದ್ದು ಕಿತ್ತಳೆ ಬಣ್ಣ, ಸಾನಾರದ್ದು ನೇರಳೆ. ಇಬ್ಬರ ಮನೆಗಳೂ ಈಗ ಇಲ್ಲ, ಅಂಗಳಗಳೂ ಇಲ್ಲ. ಸಾನಾರ ಕಡೆಯವರು ಊರು ಬಿಟ್ಟು ಎಷ್ಟೋ ಕಾಲವಾಗಿದೆ. ನೋಡಿ ಬಲ್ಲವರೆಲ್ಲ ತಾವೇ ಹೂವಿನ ಕೆಳಗೆ ಸೇರಿದ್ದಾರೆ. ಬಣ್ಣ ನೋಡಿಯೇ ನೀರು ಕೊಡುತ್ತಿದ್ದ ದ್ರೀಕಾರಿಗೂ ಯಾವ ದಿಬ್ಬ ಯಾರದ್ದೆಂದು ಖಚಿತವಿರಲಿಲ್ಲ.

ಮೀಟಾರ ಗಂಡ ಸಾರೆಲ್ ಲಿಂಕ್ಸ್ ಮಾತ್ರ ಇದ್ದಾರೆ. ಊರಿಗೆಲ್ಲ ಅವರು ಊಮ್ ಸಾರೆಲ್. ಇಲ್ಲಿ ಊಮ್ ಎಂದರೆ ದೊಡ್ಡಪ್ಪನೂ ಹೌದು, ಮಾವನೂ ಹೌದು. ಎಂಬತ್ತು ದಾಟಿದ ಜೀವ, ಗಣಿಯ ಧೂಳು ಕುಡಿದ ಎದೆ. ತಂಗಿಯ ಮಗಳ ಮನೆಯಲ್ಲಿ ವಾಸ. ಹೆಂಡತಿಯ ಮಣ್ಣಿಗೆ ಅವರು ಇರಲಿಲ್ಲ. ಗಣಿಗೆ ಸುದ್ದಿ ಮುಟ್ಟಿ ಅವರು ಊರು ಸೇರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಗಣಿಯ ಕೆಲಸ ಬಿಟ್ಟ ಮೇಲೆ ವಸಂತದಲ್ಲಿ ಬಂದು ಕಿತ್ತಳೆ ಹೂವಿನ ಪಕ್ಕ ಕೂತು ಹೋಗುತ್ತಿದ್ದರು. ಎಡವೋ ಬಲವೋ ಎಂದು ಗುರುತಿಟ್ಟುಕೊಳ್ಳುವ ಅಗತ್ಯ ಅವರಿಗೆ ಬಿದ್ದಿರಲಿಲ್ಲ, ಬಣ್ಣವೇ ಕರೆಯುತ್ತಿತ್ತು. ಹಳೆಯ ಗೇಟಿನಿಂದ ಬಂದರೆ ಬಲಗಡೆ ಎಂದು ಈಗ ಹೇಳುತ್ತಾರೆ. ಆದರೆ ಬೇಲಿ ಹೊಸದಾಗಿ ಕಟ್ಟಿದಾಗ ಗೇಟು ಜಾಗ ಬದಲಾಯಿಸಿತು. ಹಳೆಯ ಗೇಟು ಎಲ್ಲಿತ್ತು ಎಂದು ಇಬ್ಬರನ್ನು ಕೇಳಿದರೆ ಮೂರು ಉತ್ತರ ಸಿಗುತ್ತದೆ.

ಎರಡು ದಿಬ್ಬಗಳ ಹೊರಬದಿಯಲ್ಲೂ ಒಂದೊಂದು ಗುಂಡಿಗೆ ಜಾಗವಿದೆ, ಗಂಡನಿಗೆಂದು ಬಿಟ್ಟ ಜಾಗ. ಸಾರೆಲರಿಗೆ ಮೀಟಾರ ಪಕ್ಕದಲ್ಲಿ ಮಲಗಬೇಕು. ಇದೊಂದೇ ಅವರ ಆಸೆ. ಭಾನುವಾರ ಚರ್ಚು ಮುಗಿದ ಮೇಲೆ ದಾವೀಯ ಗಾಡಿ ಹತ್ತಿ ಬಂದು ಇದನ್ನೇ ಕೇಳುತ್ತಾರೆ.

“ಗೊತ್ತಾಯ್ತಾ ಮಗಳೇ?”

“ಇನ್ನೂ ಇಲ್ಲ ಊಮ್ ಸಾರೆಲ್.”

“ಬೇಗ ನೋಡು. ಅಪ್ಪಿತಪ್ಪಿ ಸಾನಾ ಪಕ್ಕ ಮಲಗಿಸಿಬಿಟ್ಟೀಯ. ಬದುಕಿದ್ದಾಗಲೇ ಕೋಳಿ ಬಂತು, ನೀರು ಬಂತು ಅಂತ ದಿನಾ ನನ್ನ ಹೆಂಡ್ತಿ ಜೊತೆ ಜಗಳ ಆಡ್ದೋಳು. ಕೊನೇ ದಿನದ ತುತ್ತೂರಿ ಊದೋ ತನಕ ನಂಗೆ ನಿದ್ದೆ ಮಾಡೋಕೆ ಬಿಡಲ್ಲ ಅವಳು.”

ಚರ್ಚಿನ ಹಿರಿಯ ಯೋಸೆಫ್ ಸುಲಭದ ದಾರಿ ತೋರಿಸಿದ್ದರು. “ಸಿಸ್ಟರ್ ದ್ರೀಕಾ, ಯಾವುದಾದ್ರೂ ಒಂದರ ಮೇಲೆ ಕಿತ್ತಳೆ ಕಡ್ಡಿ ನೆಟ್ಬಿಡು. ಪಕ್ಕದೂರಿಂದ ತರ್ಸಿದ್ರಾಯ್ತು. ಮುದುಕನಿಗೆ ಸಮಾಧಾನ ಆಗುತ್ತೆ, ಯಾರಿಗೆ ಗೊತ್ತಾಗುತ್ತೆ?” ದ್ರೀಕಾ ಒಪ್ಪಲಿಲ್ಲ. ಸತ್ತವರಿಗೆ ಇನ್ನೊಬ್ಬರ ಬಟ್ಟೆ ತೊಡಿಸಿದ ಹಾಗೆ ಅದು, ಅಂಥ ಕೆಲಸ ತನ್ನ ಕೈಯಲ್ಲಿ ಆಗುವುದಿಲ್ಲ ಎಂದುಬಿಟ್ಟರು.

ಅವರ ಲೆಕ್ಕ ಬೇರೆ ಇತ್ತು. ಫೇಖಿಯ ಕಾಯಿ ಒಣಗಿದಾಗ ಗಟ್ಟಿಯಾಗಿ ಮುಚ್ಚಿಕೊಂಡಿರುತ್ತದೆ. ಒದ್ದೆಯಾದರೆ ಮಾತ್ರ ಬಾಯಿ ಬಿಟ್ಟು ಬೀಜ ಚೆಲ್ಲುತ್ತದೆ. ಆ ಬೀಜ ಮಣ್ಣಿನಲ್ಲಿ ಎಷ್ಟೋ ವರ್ಷ ಸುಮ್ಮನೆ ಇದ್ದುಬಿಡಬಲ್ಲದು. ಆಡು ಗಿಡ ತಿಂದಿರಬಹುದು, ಮಣ್ಣು ತಿಂದಿಲ್ಲವಲ್ಲ. ಹಾಗೆಂದು ಅವರು ಆ ಎರಡು ದಿಬ್ಬಗಳ ಮೇಲೆ ಏನನ್ನೂ ನೆಡಲಿಲ್ಲ, ಬರಿಯ ಮಣ್ಣಿಗೆ ನೀರು ಹನಿಸತೊಡಗಿದರು. ಬೋಳು ದಿಬ್ಬಕ್ಕೆ ಕೆಟಲ್ಲು ಬಗ್ಗಿಸುವ ಹೆಂಗಸನ್ನು ನೋಡಿ ಊರು ನಕ್ಕಿತು. ಹೋದ ವರ್ಷ ಮಳೆ ಬಂದು, ಸಾಸಿವೆಗಿಂತ ತುಸು ದೊಡ್ಡ ಮೊಳಕೆಗಳು ಎರಡರ ಮೇಲೂ ಕಂಡಾಗ ನಗು ನಿಂತಿತು. ಹೂವಿಲ್ಲದ ಫೇಖಿಗಳೆಲ್ಲ ನೋಡಲು ಒಂದೇ, ಹಾಗಾಗಿ ಇನ್ನೊಂದು ವರ್ಷ ಕಾಯಬೇಕಾಯಿತು. ಆ ವರ್ಷದುದ್ದಕ್ಕೂ ದ್ರೀಕಾರಿಗೆ ಇದ್ದ ಹೆದರಿಕೆ ಸಾರೆಲರ ಎದೆಯದ್ದು. ಚಳಿಯಲ್ಲಿ ಅವರು ಎರಡು ಸಲ ಹಾಸಿಗೆ ಹಿಡಿದಿದ್ದರು.

ಕಳೆದ ವಾರ ಮೊದಲ ಹೂಗಳು ಅರಳಿದವು. ಬೆಟ್ಟದ ಕಡೆಯ ದಿಬ್ಬದ ಮೇಲೆ ಕಿತ್ತಳೆ. ದ್ರೀಕಾರ ಎದೆ ಹಗುರಾಗುವಷ್ಟರಲ್ಲಿ ಅದರ ಪಕ್ಕದಲ್ಲೇ ನೇರಳೆ. ಮರುದಿನ ಸಮುದ್ರದ ಕಡೆಯ ದಿಬ್ಬದ ಮೇಲೂ ನೇರಳೆ, ಪಕ್ಕದಲ್ಲಿ ಕಿತ್ತಳೆ. ಮೂವತ್ತು ವರ್ಷದ ಮಳೆಹನಿಗಳು ಇದರ ಬೀಜವನ್ನು ಅದಕ್ಕೆ, ಅದರ ಬೀಜವನ್ನು ಇದಕ್ಕೆ ಚಿಮ್ಮಿಸಿದ್ದವು. ಬದುಕಿದ್ದಾಗ ಒಂದು ಕೋಳಿಯನ್ನೂ ಗಡಿ ದಾಟಲು ಬಿಡದಿದ್ದ ಇಬ್ಬರು ಹೆಂಗಸರ ಹೂವು ಈಗ ಸಲೀಸಾಗಿ ಬೆರೆತುಹೋಗಿತ್ತು. ಮಣ್ಣನ್ನು ನಂಬಿ ಎರಡು ವರ್ಷ ಒಬ್ಬ ಮುದುಕನನ್ನು ಕಾಯಿಸಿದೆನಲ್ಲ ಎಂದು ದ್ರೀಕಾರಿಗೆ ಊಟ ಸೇರಲಿಲ್ಲ.

ಮಧ್ಯಾಹ್ನ ಗಾಡಿ ಬಂದು ನಿಲ್ಲುತ್ತದೆ. ದಾವೀ ಕೈಹಿಡಿದು ಇಳಿಸುತ್ತಾರೆ. ಸಾರೆಲರು ಚರ್ಚಿಗೆ ಹಾಕುವ ಕರಿ ಕೋಟು ಹಾಕಿಕೊಂಡು ಬಂದಿದ್ದಾರೆ. ಬಿಸಿಲು ನೆತ್ತಿಯ ಮೇಲಿದೆ. ಸ್ಮಶಾನವಿಡೀ ಕಣ್ಣು ಬಿಟ್ಟಿದೆ. ಎರಡು ದಿಬ್ಬಗಳ ನಡುವೆ ನಿಂತು ಅವರು ಅತ್ತ ನೋಡುತ್ತಾರೆ, ಇತ್ತ ನೋಡುತ್ತಾರೆ. ದ್ರೀಕಾ ಹೇಳಬೇಕಿದ್ದ ಮಾತನ್ನು ಹೂವುಗಳೇ ಹೇಳಿಬಿಟ್ಟಿವೆ.

“ಬೆರೆತುಬಿಟ್ಟಿದೆ ಊಮ್ ಸಾರೆಲ್. ನಂಗೆ ಓದೋಕೆ ಆಗ್ತಿಲ್ಲ” ಎನ್ನುತ್ತಾರೆ ದ್ರೀಕಾ. “ಸುಮ್ಮನೆ ಆಸೆ ಹುಟ್ಟಿಸ್ಬಿಟ್ಟೆ ನಿಮಗೆ.”

ಮುದುಕರು ಕೂರಬೇಕೆನಿಸಿ ಪಕ್ಕದ ಮೋಟು ಗೋಡೆಯ ಕಡೆಗೆ ಹೆಜ್ಜೆ ಹಾಕುತ್ತಾರೆ. ಗೋಡೆಯ ಮೇಲೆ ಕಿತ್ತಿಟ್ಟ ಮೂರು ಪುಟ್ಟ ಗಿಡಗಳಿವೆ. ಕಿತ್ತು ಎರಡು ದಿನವಾಗಿದ್ದರೂ ಫೇಖಿ ಫೇಖಿಯೇ, ಬಿಸಿಲಿಗೆ ಹೂ ಅರಳಿಸಿಕೊಂಡೇ ಬಿದ್ದಿವೆ. ಬಿಳಿ ಹೂಗಳು.

“ಇದೆಲ್ಲಿಯದು?”

“ಅದಾ, ದಾರಿ ತಪ್ಪಿ ಬಂದಿದ್ದು. ಬೆಟ್ಟದ ಕಡೆ ದಿಬ್ಬದ ಮೇಲೆ ಹುಟ್ಟಿತ್ತು. ನಮ್ಮೂರಲ್ಲಿ ಬಿಳಿ ಯಾರದ್ದೂ ಅಲ್ವಲ್ಲ, ಯಾರದ್ದೂ ಅಲ್ಲದ ಬಣ್ಣ ಸಮಾಧಿ ಮೇಲೆ ಇರಬಾರದು. ಕಿತ್ತೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ, ಬೇಲಿಯಾಚೆ ನೆಡೋಣ ಅಂತ ಇಟ್ಟಿದ್ದೀನಿ.”

ಸಾರೆಲರು ಒಂದು ಗಿಡ ಎತ್ತಿಕೊಳ್ಳುತ್ತಾರೆ. ಹೂವನ್ನು ಬಿಸಿಲಿಗೆ ತಿರುಗಿಸಿ ನೋಡುತ್ತಾರೆ. ಆಮೇಲೆ, ನಗುತ್ತಿದ್ದಾರೋ ಕೆಮ್ಮುತ್ತಿದ್ದಾರೋ ಗೊತ್ತಾಗದ ಹಾಗೆ, ಹೇಳತೊಡಗುತ್ತಾರೆ.

“ಗಣಿ ಬೇಲಿ ಒಳಗೆ, ಸಮುದ್ರದ ಮರಳಲ್ಲಿ ಬೆಳೀತಿತ್ತು ಇದು. ಅಲ್ಲಿಂದ ಒಂದು ಹುಲ್ಲುಕಡ್ಡೀನೂ ಹೊರಗೆ ತರೋ ಹಾಗಿರ್ಲಿಲ್ಲ. ಜೇಬು, ಬೂಟು, ಟೋಪಿ ಎಲ್ಲ ಜಾಲಾಡ್ತಿದ್ರು. ಒಂದು ಡಿಸೆಂಬರ್ ರಜಾಕ್ಕೆ ಹೊರಡೋವಾಗ ನಾನು ಒಣಕಾಯಿ ಒಂದಿಷ್ಟು ಬಾಯಲ್ಲಿಟ್ಕೊಂಡೆ, ಹೊಗೆಸೊಪ್ಪು ಇಟ್ಕೊಂಡಂಗೆ. ಒದ್ದೆಯಾದ್ರೆ ಅದು ಬಾಯಿ ಬಿಡುತ್ತೆ ಅನ್ನೋದು ಮರೆತುಹೋಗಿತ್ತು ನಂಗೆ. ಸಾಲಲ್ಲಿ ನಿಂತಿದ್ದೀನಿ, ಬಾಯೊಳಗೆ ಒಂದೊಂದೇ ಬಿಚ್ಕೊಳ್ತಾ ಇದೆ. ಹಲ್ಲಿನ ಸಂದೀಲೆಲ್ಲ ಬೀಜ. ನುಂಗೋಕಾಗಲ್ಲ, ಉಗಿಯೋಕಾಗಲ್ಲ. ಕಾವಲಿನವನು ಹೆಸರು ಕೇಳಿದ್ರೆ ‘ಉಂ’ ಅಂದೆ.”

ದಾವೀ ಗಾಡಿಯ ಬಳಿಯಿಂದ ನಗುತ್ತಾರೆ. ಸಾರೆಲರು ನಗುವುದಿಲ್ಲ.

“ಮನೆಗೆ ಬಂದು ಮೀಟಾ ಕೈಯಲ್ಲಿ ಉಗಿದೆ. ಎಂಥಾ ಬೈಗುಳ ಗೊತ್ತಾ. ‘ಬೇರೆಯೋರ ಗಂಡಂದ್ರು ವಜ್ರಕ್ಕೆ ಜೈಲಿಗೆ ಹೋಗ್ತಾರೆ, ನೀನು ಕಳೆಗೆ ಹೋಗ್ತೀಯ. ಕೆಲಸ ಹೋದ್ರೆ ಊಟಕ್ಕೆ ಇದನ್ನ ಬೇಯ್ಸಿ ಹಾಕ್ಲಾ?’ ಅಂತ ಕೈ ಕೊಡವಿ ಬಾಗಿಲಾಚೆ ಎಸೆದ್ಲು. ಅದಾದ್ಮೇಲೆ ನಾನೂ ಕೇಳ್ಲಿಲ್ಲ, ಅವಳೂ ಹೇಳ್ಲಿಲ್ಲ. ನಾನು ಬರ್ತಿದ್ದಿದ್ದು ಡಿಸೆಂಬರ್‌ಗೆ. ಡಿಸೆಂಬರ್‌ನಲ್ಲಿ ಫೇಖೀಲಿ ಹೂ ಎಲ್ಲಿರುತ್ತೆ. ಮೂರು ವರ್ಷಕ್ಕೆ ಅವಳೇ ಹೋದ್ಲು.”

ದ್ರೀಕಾ ಅವರ ಕೈಯಿಂದ ಗಿಡ ಇಸಿದುಕೊಂಡು, ಬೆಟ್ಟದ ಕಡೆಯ ದಿಬ್ಬದ ಬಳಿ ಮಂಡಿಯೂರುತ್ತಾರೆ. ಕಿತ್ತ ಗುಳಿಗಳು ಇನ್ನೂ ಮುಚ್ಚಿಲ್ಲ. ಬೆರಳಿನಿಂದ ಸಡಿಲಿಸಿ, ಮೂರನ್ನೂ ಮತ್ತೆ ಅಲ್ಲೇ ಕೂರಿಸಿ ಒತ್ತುತ್ತಾರೆ. ಅವರ ಬೆನ್ನು ಮುದುಕರ ಕಡೆಗಿದೆ, ಮಾತೂ ಹಾಗೇ ಬರುತ್ತದೆ.

“ಎಸೆದಿಲ್ಲ ಊಮ್ ಸಾರೆಲ್. ಬಾಗಿಲ ಮುಂದೆ ಎಸೆದ ಬೀಜ ಕೋಳಿ ಪಾಲು, ಅದೂ ಸಾನಾ ಕೋಳಿ ಓಡಾಡೋ ಅಂಗಳದಲ್ಲಿ. ಹೇಗಿದ್ರೂ ಉಳಿಯಲ್ಲ. ನೀವು ಆಚೆ ಹೋದ್ಮೇಲೆ ಆಯ್ದು ಮಣ್ಣಲ್ಲಿ ಹಾಕಿದ್ದಾಳೆ. ನೀರು ಕೊಟ್ಟಿದ್ದಾಳೆ. ಅದು ಬೆಳೆದು, ಹೂ ಬಿಟ್ಟು, ಕಾಯಾಗಿ, ಮತ್ತೆ ಬೀಜ ಚೆಲ್ಲಿದೆ. ಆ ಬಾಗಿಲ ಮಣ್ಣೇ ಬೇಸನ್ ತುಂಬ ಇಲ್ಲಿಗೆ ಬಂದಿರೋದು. ಕಿತ್ತಳೆ ದಟ್ಟವಾಗಿ ಹಬ್ಕೊಂಡು ಇದನ್ನ ಏಳೋಕೆ ಬಿಟ್ಟಿಲ್ಲ ಅಷ್ಟೇ. ಇವಳೇ ಮೀಟಾ. ಇಲ್ಲಿದ್ದಾಳೆ.”

ಸಾರೆಲರು ದಿಬ್ಬದ ಪಕ್ಕ, ಗಂಡನಿಗೆಂದು ಬಿಟ್ಟ ಬರಿ ನೆಲದ ಮೇಲೆ, ಕರಿ ಕೋಟಿನ ಪರಿವೆಯಿಲ್ಲದೆ ಕೂತುಬಿಡುತ್ತಾರೆ. ಟೋಪಿ ತೆಗೆದು ತೊಡೆಯ ಮೇಲಿಡುತ್ತಾರೆ. “ಹೂ ಬಿಟ್ಟಿದ್ದನ್ನೂ ಹೇಳ್ಲಿಲ್ವಲ್ಲೇ ನಂಗೆ” ಎಂದು ದಿಬ್ಬಕ್ಕೆ ಹೇಳುತ್ತಾರೆ. ಮೂವತ್ತು ವರ್ಷದಲ್ಲಿ ಹೆಂಡತಿಯ ಮೇಲೆ ಅವರು ಮಾಡಿದ ಮೊದಲ ಆಕ್ಷೇಪಣೆ ಅದು. ದಾವೀ ಕತ್ತೆಗಳ ಕಡೆ ತಿರುಗಿ ನಿಲ್ಲುತ್ತಾರೆ. ಯಾರೂ ಅವಸರ ಮಾಡುವುದಿಲ್ಲ.

ಬಿಸಿಲು ಇಳಿಯುತ್ತ ಹೂಗಳು ಒಂದೊಂದಾಗಿ ಮುಚ್ಚತೊಡಗಿದಾಗ ಅವರು ಏಳುತ್ತಾರೆ. ಅಗೆಯಬೇಕಾದ ಜಾಗಕ್ಕೆ ಗುರುತಿನ ಕಲ್ಲು ಇಡಲೇ ಎಂದು ದ್ರೀಕಾ ಕೇಳಿದ್ದು ಅವರ ಕಿವಿಗೆ ಬೀಳುವುದಿಲ್ಲ.

“ಇದರ ಬೀಜ ಯಾವಾಗ ಸಿಗುತ್ತೆ ಮಗಳೇ?”

“ಕಾಯಿ ಬಲಿಯೋದು ಡಿಸೆಂಬರ್‌ಗೆ.”

“ಬಿತ್ತೋದು?”

“ಮೊದಲ ಮಳೆಗೆ. ಮೇ ಅನ್ಕೊಳ್ಳಿ. ಹೂ ನೋಡ್ಬೇಕಂದ್ರೆ ಅದರ ಮುಂದಿನ ವರ್ಷ.”

“ಅಲ್ಲೀ ತನಕ ಇರ್ಬೇಕಾಯ್ತಲ್ಲ” ಎಂದು ಅವರು ಗೊಣಗುತ್ತಾರೆ, ಯಾರೋ ಹೊಸ ಕೆಲಸ ತಂದು ತಲೆಗೆ ಕಟ್ಟಿದವರ ಹಾಗೆ. ಗಾಡಿ ಹತ್ತಿ ಕೂತ ಮೇಲೂ ಅದೇ ಯೋಚನೆ. “ದಾವೀ, ನನ್ನ ತಂಗಿ ಮಗಳಿಗೆ ಹೇಳ್ಬೇಕು ಕಣೋ, ಬಾಗಿಲ ಕಡೆ ಕೋಳಿ ಬಿಡ್ಬೇಡ ಅಂತ. ಇವತ್ತೇ ಹೇಳ್ಬೇಕು.”

ಗಾಡಿ ಊರಿನ ಕಡೆ ಇಳಿಯುತ್ತದೆ. ದ್ರೀಕಾ ಕೆಟಲ್ಲಿನಲ್ಲಿ ಉಳಿದ ನೀರನ್ನು ಮೂರು ಬಿಳಿ ಗಿಡಗಳ ಬುಡಕ್ಕೆ ಹನಿಸಿ ಎದ್ದು ಸೊಂಟ ನೇರ ಮಾಡಿಕೊಳ್ಳುತ್ತಾರೆ.

“ನನ್ನ ಹತ್ರ ಜನ ಬರೋದು ಗುಂಡಿ ಜಾಗ ಕೇಳೋಕೆ” ಎನ್ನುತ್ತಾರೆ ಅವರು. “ಬೀಜ ಕೇಳ್ಕೊಂಡು ಹೋದೋರು ಇವರೊಬ್ರೇ.”